ಬೀಗದ ಕೈ ಯಾರ ಕೈಯಲ್ಲಿ?

ಶಾಲೆಗಳ ರೋಬೋಟಿಕ್ಸ್ ಪ್ರಯೋಗಶಾಲೆಗಳೂ ವಿದ್ಯಾರ್ಥಿ ನಾಯಕತ್ವವೂ

೨೦೨೫ನೆಯ ಇಸವಿಯ ಫೆಬ್ರವರಿ ೧ರಂದು ಕೇಂದ್ರದ ಅರ್ಥಸಚಿವೆಯವರು ಲೋಕಸಭೆಯಲ್ಲಿ ಮುಂಗಡಪತ್ರವನ್ನು ಮಂಡಿಸುತ್ತ, ಮುಂದಿನ ಐದು ವರ್ಷಗಳಲ್ಲಿ ದೇಶದ ಸರಕಾರಿ ಶಾಲೆಗಳಲ್ಲಿ ೫೦,೦೦೦ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ಸ್ಥಾಪಿಸಲಾಗುವುದೆಂದು ಸಾರಿದರು. ೨೦೧೬ರಲ್ಲಿ ನೀತಿ ಆಯೋಗದ ಆಶ್ರಯದಲ್ಲಿ ಆರಂಭವಾದ ಅಟಲ್ ಇನೋವೇಶನ್ ಮಿಷನ್ ಎಂಬ ಯೋಜನೆಯು ಅದಕ್ಕೆ ಮೊದಲೇ ಹತ್ತು ಸಾವಿರ ಶಾಲೆಗಳಲ್ಲಿ ಇಂತಹ ಪ್ರಯೋಗಶಾಲೆಗಳನ್ನು ತೆರೆದಿತ್ತು. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಅಲ್ಲಿ ಮೋಟಾರು, ಸಂವೇದಕ, ವಿದ್ಯುನ್ಮಂಡಲ, ತ್ರಿಮಿತಿ ಮುದ್ರಣಯಂತ್ರ ಮೊದಲಾದುವನ್ನು ಕೈಯಲ್ಲಿ ಹಿಡಿದು, ತಾವೇ ಯೋಚಿಸಿ ತಾವೇ ಕಟ್ಟುವ ವಿದ್ಯೆಯನ್ನು ಕಲಿಯಬೇಕೆಂಬುದು ಯೋಜನೆಯ ಉದ್ದೇಶ. ಚಿಕ್ಕದೊಂದು ರೋಬೋಟನ್ನು, ಅರ್ಥಾತ್ ಯಂತ್ರಮಾನವನನ್ನು, ಕಟ್ಟಿ ನಡೆಸುವುದು ಅಲ್ಲಿ ಮಕ್ಕಳಿಗೆ ಬಹು ಪ್ರಿಯವಾದ ಕೆಲಸ.

ಸಂಕಲ್ಪವು ಸ್ತುತ್ಯವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸಂಕಲ್ಪವನ್ನು ಕೊಂಡಾಡಿದಷ್ಟಕ್ಕೇ ಪತ್ರಿಕೆಯ ಕರ್ತವ್ಯ ತೀರಿದಂತಾಗುವುದಿಲ್ಲ. ಕೊಠಡಿಗೆ ಹಣ ಬೇಕು, ಯಂತ್ರಕ್ಕೆ ಹಣ ಬೇಕು. ಅವೆರಡನ್ನೂ ಸರಕಾರವು ಒದಗಿಸಬಲ್ಲುದು. ಮೊದಲನೆಯ ಉತ್ಸಾಹದ ತಂಡವು ಶಾಲೆಯನ್ನು ಬಿಟ್ಟುಹೋದ ಮೇಲೆ ಆ ಕೊಠಡಿಯ ದೀಪವನ್ನು ಹೊತ್ತಿಸುವವರು ಯಾರು? ಈ ಪ್ರಶ್ನೆಗೆ ಮುಂಗಡಪತ್ರದಲ್ಲಿ ಉತ್ತರವಿರುವುದಿಲ್ಲ, ಇರಲೂ ಸಾಧ್ಯವಿಲ್ಲ. ಅದು ಆಯಾ ಶಾಲೆಯಲ್ಲಿಯೇ ಹುಟ್ಟಬೇಕಾದ ಉತ್ತರ. ಅದನ್ನು ಹುಟ್ಟಿಸುವ ಬಗೆ ಹೇಗೆಂಬುದನ್ನು ವಾಚಕರೊಡನೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಐದು ವರ್ಷಗಳ ಲೆಕ್ಕ

ಮೊದಲು ಈವರೆಗಿನ ಪ್ರಯೋಗಶಾಲೆಗಳ ಲೆಕ್ಕವನ್ನು ನೋಡೋಣ. ಯೋಜನೆಯ ಕ್ರಮದಂತೆ ಆಯ್ಕೆಯಾದ ಶಾಲೆಯೊಂದಕ್ಕೆ ದೊರೆಯುವ ಸಹಾಯಧನವು ೨೦ ಲಕ್ಷ ರೂಪಾಯಿಗಳವರೆಗೆ ಇರುವುದು. ಅದರಲ್ಲಿ ೧೦ ಲಕ್ಷವು ಪ್ರಯೋಗಶಾಲೆಯನ್ನು ಸಜ್ಜುಗೊಳಿಸುವುದಕ್ಕೆ. ಉಳಿದ ೧೦ ಲಕ್ಷವು ಹೆಚ್ಚೆಂದರೆ ಐದು ವರ್ಷಗಳ ನಿರ್ವಹಣೆಗೆ. ಅಂದರೆ ವರ್ಷಕ್ಕೆ ಸರಾಸರಿ ಎರಡು ಲಕ್ಷ ರೂಪಾಯಿ. ಐದು ವರ್ಷಗಳು ಮುಗಿದ ಮೇಲೆ ಶಾಲೆಯು ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಇನ್ನು ಮಕ್ಕಳ ಲೆಕ್ಕ. ಪ್ರಯೋಗಶಾಲೆಯು ತೆರೆದ ವರ್ಷದಲ್ಲಿ ಆರನೆಯ ತರಗತಿಯಲ್ಲಿದ್ದ ಹುಡುಗಿಯು ಐದನೆಯ ವರ್ಷದಲ್ಲಿ ಹತ್ತನೆಯ ತರಗತಿಗೆ ಬಂದಿರುತ್ತಾಳೆ. ಹತ್ತನೆಯದೆಂದರೆ ನಮ್ಮ ಮನೆಗಳಲ್ಲಿ ಏನರ್ಥವೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆಟ ನಿಂತಿತು, ಸಂಗೀತ ನಿಂತಿತು, ಪ್ರಯೋಗಶಾಲೆಯ ಹಾದಿಯೂ ಮರೆತುಹೋಯಿತು. ಹೀಗೆ ಸರಕಾರದ ಹಣವೂ ಮೊದಲನೆಯ ಪೀಳಿಗೆಯ ಅನುಭವವೂ ಒಂದೇ ಗಳಿಗೆಯಲ್ಲಿ ಶಾಲೆಯಿಂದ ಹೊರಟುಹೋಗುತ್ತವೆ. ಹಣವು ಹೋದಾಗ ಅನುಭವವಾದರೂ ಉಳಿದಿದ್ದರೆ ಸಂಸ್ಥೆಯು ಹೇಗೋ ಬದುಕಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಹೋದರೆ ಉಳಿಯುವುದು ಬೀಗ ಹಾಕಿದ ಕಪಾಟು ಮಾತ್ರ.

ಕ್ರಿಕೆಟ್ ತಂಡದ ನಾಯಕನು ಶಾಲೆಯನ್ನು ಬಿಟ್ಟುಹೋದರೆ ತಂಡಕ್ಕೆ ನಷ್ಟವಾಗುತ್ತದೆ, ನಿಜ. ಆದರೆ ಆಟದ ನಿಯಮವನ್ನು ಗಲ್ಲಿಯ ಪ್ರತಿಯೊಂದು ಮಗುವೂ ಬಲ್ಲುದು. ಹೊಸ ನಾಯಕನು ಮರುದಿನವೇ ಅಂಗಣಕ್ಕೆ ಇಳಿಯಬಹುದು. ರೋಬೋಟಿನ ಮಾತು ಹಾಗಲ್ಲ. ಯಾವ ತಂತಿಯು ಎಲ್ಲಿಗೆ ಹೋಗುತ್ತದೆ, ಕಳೆದ ವರ್ಷ ಯಾವ ಚಕ್ರವು ಏಕೆ ಜಾರಿತು, ಗಣಕಯಂತ್ರಕ್ಕೆ ಬರೆದ ಆಜ್ಞೆಗಳಲ್ಲಿ ಯಾವುದನ್ನು ಮುಟ್ಟಬಾರದು, ಬಿಡಿಭಾಗಗಳನ್ನು ಯಾವ ಅಂಗಡಿಯವನು ಸುಲಭ ಬೆಲೆಗೆ ಕೊಡುತ್ತಾನೆ ಎಂಬ ನೂರು ಸಣ್ಣ ವಿಷಯಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅವು ಒಬ್ಬಿಬ್ಬರು ಜಾಣ ಮಕ್ಕಳ ತಲೆಯಲ್ಲಿರುತ್ತವೆ. ಆ ತಲೆಗಳು ಹೊರಟುಹೋದ ಜೂನ್ ತಿಂಗಳಲ್ಲಿ ಶಾಲೆಯು ಮತ್ತೆ ಓನಾಮದಿಂದ ಆರಂಭಿಸಬೇಕಾಗುತ್ತದೆ.

ಅಮೇರಿಕೆಯ ಅನುಭವ

ಈ ತೊಡಕು ನಮ್ಮೊಬ್ಬರದೇ ಅಲ್ಲ. ಪ್ರೌಢಶಾಲೆಯ ಮಕ್ಕಳ ಕೈಯಲ್ಲಿ ದೊಡ್ಡ ರೋಬೋಟುಗಳನ್ನು ಕಟ್ಟಿಸುವ ಕಾರ್ಯವು ಬಹುಕಾಲದಿಂದ ವ್ಯವಸ್ಥಿತವಾಗಿ ನಡೆದಿರುವುದು ಅಮೇರಿಕೆಯಲ್ಲಿ. ಡೀನ್ ಕೇಮನ್ ಎಂಬ ಸಂಶೋಧಕರು ೧೯೮೯ರಲ್ಲಿ 'ಫಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ, ೨೦೧೯ರಲ್ಲಿ ತೀರಿಕೊಂಡ, ವುಡಿ ಫ್ಲವರ್ಸ್ ಅವರು ಸ್ಪರ್ಧೆಯ ಸ್ವರೂಪವನ್ನು ರೂಪಿಸಲು ನೆರವಾದರು. ೧೯೯೨ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಮ್ಯಾಂಚೆಸ್ಟರ್ ಪಟ್ಟಣದ ಪ್ರೌಢಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ ನಡೆದ ಮೊದಲನೆಯ ಸ್ಪರ್ಧೆಗೆ ಬಂದಿದ್ದವು ೨೮ ತಂಡಗಳು ಮಾತ್ರ. ಇಂದು ಆ ಒಂದು ಸ್ಪರ್ಧೆಯಲ್ಲಿಯೇ ಮೂರು ಸಾವಿರಕ್ಕೂ ಮಿಕ್ಕಿದ ತಂಡಗಳಿವೆ. ಭಾರತದ ಮಕ್ಕಳೂ ಆ ಸಂಸ್ಥೆಯ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದಾರೆ.

ಅಲ್ಲಿ ಪ್ರತಿ ವರ್ಷವೂ ಜನವರಿ ತಿಂಗಳ ಆರಂಭದಲ್ಲಿ ಹೊಸ ಆಟವೊಂದನ್ನು ಎಲ್ಲ ತಂಡಗಳಿಗೂ ಒಂದೇ ದಿನ ಪ್ರಕಟಿಸಲಾಗುತ್ತದೆ. ಹಳೆಯ ರೋಬೋಟು ಹೊಸ ಆಟಕ್ಕೆ ಒದಗುವುದಿಲ್ಲ. ಕೆಲವೇ ವಾರಗಳಲ್ಲಿ ಯೋಜಿಸಿ, ಕಟ್ಟಿ, ಪರೀಕ್ಷಿಸಿ, ಮೂರು ತಂಡಗಳ ಕೂಟಕ್ಕೆ ಎದುರಾಗಿ ಮೂರು ತಂಡಗಳ ಕೂಟದಂತೆ ಸುಮಾರು ಎರಡೂವರೆ ನಿಮಿಷಗಳ ಪಂದ್ಯಗಳನ್ನು ಆಡಬೇಕು. ಯಂತ್ರವು ವರ್ಷಕ್ಕೊಮ್ಮೆ ಹಳತಾಗುವುದರಿಂದ ವರ್ಷದಿಂದ ವರ್ಷಕ್ಕೆ ಉಳಿಯುವ ಆಸ್ತಿಯೆಂದರೆ ಮಕ್ಕಳ ಅನುಭವವೊಂದೇ. ಆದುದರಿಂದ ನಾಯಕತ್ವದ ಪ್ರಶ್ನೆಯು ಅಲ್ಲಿ ಅತ್ಯಂತ ಸ್ಪಷ್ಟವಾಗಿ ಎದ್ದುನಿಂತಿತು.

ಆ ಸಂಸ್ಥೆಯ ಎರಡು ಪದ್ಧತಿಗಳು ನಮಗೆ ವಿಚಾರಯೋಗ್ಯವೆಂದು ತೋರುತ್ತವೆ. ಮೊದಲನೆಯದು, ಅಲ್ಲಿನ ಅತ್ಯುಚ್ಚ ಬಹುಮಾನವು ಪಂದ್ಯವನ್ನು ಗೆದ್ದ ತಂಡಕ್ಕೆ ಸಲ್ಲುವುದಲ್ಲ; ತನ್ನ ಶಾಲೆಯಲ್ಲೂ ಊರಿನಲ್ಲೂ ವಿಜ್ಞಾನದ ಆಸಕ್ತಿಯನ್ನು ಹಬ್ಬಿಸಿ ಇತರ ತಂಡಗಳಿಗೆ ಮೇಲ್ಪಂಕ್ತಿಯಾದ ತಂಡಕ್ಕೆ ಸಲ್ಲುವುದು. ಆ ಬಹುಮಾನಕ್ಕಾಗಿ ತೀರ್ಪುಗಾರರೆದುರಿಗೆ ನಿಂತು ಮಾತನಾಡಬೇಕಾದವರು ಮಾರ್ಗದರ್ಶಕರಲ್ಲ, ವಿದ್ಯಾರ್ಥಿಗಳೇ. ಎರಡನೆಯದು, ೨೦೧೦ರಲ್ಲಿ ಆರಂಭವಾದ ವಿದ್ಯಾರ್ಥಿ ನಾಯಕರ ಪುರಸ್ಕಾರ. ಇದಕ್ಕೆ ಹನ್ನೆರಡನೆಯ ತರಗತಿಯವರನ್ನು ಸೂಚಿಸುವಂತಿಲ್ಲ. ಹತ್ತು ಮತ್ತು ಹನ್ನೊಂದನೆಯ ತರಗತಿಯವರನ್ನೇ ಸೂಚಿಸಬೇಕು. ಏಕೆಂದರೆ ಪುರಸ್ಕಾರವು ಮುಗಿದುಹೋದ ಸೇವೆಗೆ ಸಲ್ಲುವ ಕಾಣಿಕೆಯಲ್ಲ, ಇನ್ನೂ ಶಾಲೆಯಲ್ಲಿದ್ದು ಮಾಡಬೇಕಾದ ಸೇವೆಗೆ ಕೊಡುವ ವೀಳ್ಯ. ನಮ್ಮಲ್ಲಿ ಬೀಳ್ಕೊಡುವ ದಿನ ಶಾಲು ಹೊದಿಸುತ್ತೇವೆ. ಅಲ್ಲಿ ಭಾರವನ್ನು ಹೊರುವ ದಿನವೇ ಬೆನ್ನು ತಟ್ಟುತ್ತಾರೆ.

ಪರಂಪರೆಯು ಕಡಿದುಹೋದರೆ ಏನಾಗುವುದೆಂಬುದಕ್ಕೂ ಅಲ್ಲಿ ನಿದರ್ಶನ ಉಂಟು. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಸ್ಪರ್ಧೆಗಳು ನಡುವಿನಲ್ಲಿಯೇ ನಿಂತವು. ೨೦೨೧ರಲ್ಲಿ ಅವು ಎಂದಿನ ರೂಪದಲ್ಲಿ ನಡೆಯಲಿಲ್ಲ. ಅಲ್ಲಿ ಪ್ರೌಢಶಾಲೆಯೆಂದರೆ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ತರಗತಿಗಳು. ಎರಡು ವರ್ಷಗಳಲ್ಲಿ ಅರ್ಧ ಶಾಲೆಯೇ ಬದಲಾಗುತ್ತದೆ. ೨೦೨೨ರಲ್ಲಿ ಅಂಗಣವು ಮತ್ತೆ ತೆರೆದಾಗ ಅನೇಕ ತಂಡಗಳಲ್ಲಿ ಪೂರ್ಣ ಋತುವೊಂದನ್ನು ಕಂಡಿದ್ದವರು ಕೊನೆಯ ತರಗತಿಯ ಕೆಲವರು ಮಾತ್ರ. ಅವರೂ ಕಂಡುದು ತಾವು ತೀರ ಚಿಕ್ಕವರಾಗಿದ್ದಾಗ. ಉಪಕರಣಗಳು ಹಾಗೆಯೇ ಇದ್ದವು. ಅವುಗಳನ್ನು ಬಳಸುವ ರೂಢಿಯನ್ನು ಮಾತ್ರ ಹೊಸದಾಗಿ ಕಟ್ಟಬೇಕಾಯಿತು. ನಮ್ಮಲ್ಲಿಯೂ ಶಾಲೆಗಳು ಆಗ ದೀರ್ಘಕಾಲ ಮುಚ್ಚಿದ್ದುವಷ್ಟೆ. ಬಾಗಿಲು ತೆರೆದಾಗ ಪ್ರಯೋಗಶಾಲೆಯ ಯಂತ್ರಗಳಿಗೆ ಧೂಳು ಹಿಡಿದಿದ್ದುದಕ್ಕಿಂತ, ಅವುಗಳ ಪರಿಚಯವಿದ್ದ ಮಕ್ಕಳು ದಾಟಿಹೋಗಿದ್ದುದೇ ಹೆಚ್ಚಿನ ನಷ್ಟ.

ಮೂರು ತಪ್ಪುಗಳು

ಇಷ್ಟನ್ನು ಹೇಳಿದ ಮೇಲೆ, ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮೂರು ತಪ್ಪುಗಳನ್ನು ನೇರವಾಗಿ ಹೇಳಿಬಿಡುವುದೇ ಒಳಿತು.

ಮೊದಲನೆಯದು ವೀರಪೂಜೆ. ತರಗತಿಗೊಬ್ಬ ಜಾಣನಿರುತ್ತಾನೆ. ಸ್ಪರ್ಧೆಯು ಹತ್ತಿರ ಬಂದಾಗ ಎಲ್ಲ ಕೆಲಸವೂ ಅವನ ತಲೆಗೆ ಬರುತ್ತದೆ. ಆಜ್ಞೆಗಳನ್ನು ಬರೆಯುವವನು ಅವನೇ, ತಂತಿ ಜೋಡಿಸುವವನು ಅವನೇ, ಅತಿಥಿಗಳಿಗೆ ವಿವರಿಸುವವನೂ ಅವನೇ. ಉಳಿದವರು ಸುತ್ತ ನಿಂತು ನೋಡುತ್ತಾರೆ. ಬಹುಮಾನವು ಬರುತ್ತದೆ, ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಮುಂದಿನ ವರ್ಷ ಬಹುಮಾನವೂ ಇಲ್ಲ, ತಂಡವೂ ಇಲ್ಲ. ಆಲದ ಮರದ ಅಡಿಯಲ್ಲಿ ಬೇರೆ ಸಸಿ ಬೆಳೆಯುವುದಿಲ್ಲವೆಂಬುದು ತೋಟ ಮಾಡಿದವರೆಲ್ಲ ಬಲ್ಲ ಮಾತು. ಇಂತಹ ಹುಡುಗನನ್ನು ನಾವು ದೂರುವುದಿಲ್ಲ. ಅವನೊಬ್ಬನಿಂದಲೇ ಕೆಲಸವನ್ನು ತೆಗೆದುಕೊಂಡ ಹಿರಿಯರನ್ನು ದೂರುತ್ತೇವೆ.

ಎರಡನೆಯದು, ಶಿಕ್ಷಕರೇ ಸರ್ವಸ್ವವಾಗುವುದು. ಪ್ರಯೋಗಶಾಲೆಯ ಹೊಣೆಯನ್ನು ಹೊತ್ತ ಶಿಕ್ಷಕರಿಗೆ ಸಾಮಾನಿನ ದಾಖಲೆಪುಸ್ತಕ ಉಂಟು, ಲೆಕ್ಕಪರಿಶೋಧನೆ ಉಂಟು. ಒಂದು ಮೋಟಾರು ಸುಟ್ಟುಹೋದರೆ ಉತ್ತರ ಹೇಳಬೇಕಾದವರು ಅವರು. ಹೀಗಿರುವಲ್ಲಿ ಅವರು ಕಪಾಟಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡರೆ ಆಶ್ಚರ್ಯವೇನು? ಆದರೆ ಸುಡದ ಮೋಟಾರು ಕಲಿಸುವುದಾದರೂ ಏನನ್ನು? ಆ ಶಿಕ್ಷಕರಿಗೆ ವರ್ಗವಾದ ದಿನ, ಅಥವಾ ಅವರು ನಿವೃತ್ತರಾದ ದಿನ, ಬೀಗದ ಕೈಯೊಡನೆ ವಿದ್ಯೆಯೂ ಹೊರಟುಹೋಗುತ್ತದೆ. ಮಕ್ಕಳ ಬಳಕೆಯಿಂದ ವರ್ಷಕ್ಕೆ ಇಷ್ಟು ಸಾಮಾನು ಕೆಡುವುದು ಸಹಜವೆಂದು ಆಡಳಿತ ಮಂಡಳಿಯು ಮೊದಲೇ ಒಪ್ಪಿ ಬರೆದುಕೊಟ್ಟರೆ ಶಿಕ್ಷಕರ ಕೈ ಸಡಿಲವಾಗುವುದು. ಇದು ಸಣ್ಣ ಮಾತೆಂದು ತೋರಬಹುದು. ಆದರೆ ಅನೇಕ ಪ್ರಯೋಗಶಾಲೆಗಳ ಬಾಗಿಲು ಇಂತಹ ಸಣ್ಣ ಮಾತಿನ ಮೇಲೆಯೇ ತಿರುಗುತ್ತದೆ.

ಮೂರನೆಯದು ಬಿಲ್ಲೆಯ ನಾಯಕತ್ವ. ವರ್ಷಾರಂಭದಲ್ಲಿ ಒಬ್ಬನನ್ನು ನಾಯಕನೆಂದೂ ಇನ್ನೊಬ್ಬಳನ್ನು ಉಪನಾಯಕಿಯೆಂದೂ ಸಾರಿ ಎದೆಗೆ ಬಿಲ್ಲೆಯನ್ನು ಚುಚ್ಚುತ್ತಾರೆ. ಯಾವ ತೀರ್ಮಾನವನ್ನು ಅವರು ಮಾಡಬಹುದು, ಎಷ್ಟು ಹಣವನ್ನು ಅವರು ವಿನಿಯೋಗಿಸಬಹುದು, ಯಾವ ತಪ್ಪಿಗೆ ಅವರು ಹೊಣೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅಧಿಕಾರವಿಲ್ಲದ ಪದವಿಯು ಉತ್ಸವಮೂರ್ತಿಯ ಹಾಗೆ. ಹೊತ್ತವರು ಹೋದ ಕಡೆಗೆ ಅದೂ ಹೋಗುವುದು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ತಂಡದಲ್ಲಿ ಹುಡುಗಿಯರಿದ್ದರೆ ಅವರಿಗೆ ವರದಿಯನ್ನು ಬರೆಯುವ, ಫಲಕಕ್ಕೆ ಬಣ್ಣ ಹಚ್ಚುವ ಕೆಲಸವನ್ನೂ ಹುಡುಗರಿಗೆ ತಿರುಪುಳಿಯನ್ನೂ ಕೊಡುವ ವಾಡಿಕೆಯು ಇನ್ನೂ ಹೋಗಿಲ್ಲ. ಅರ್ಧ ತಂಡವನ್ನು ಯಂತ್ರದಿಂದ ದೂರ ನಿಲ್ಲಿಸಿ, ಆಮೇಲೆ ಉತ್ತರಾಧಿಕಾರಿಗಳು ಸಿಗುವುದಿಲ್ಲವೆಂದು ಹಲುಬಿದರೆ ಏನು ಪ್ರಯೋಜನ?

ಕೋಡಂಗಿಯಿಂದ ಎದುರುವೇಷದವರೆಗೆ

ಉತ್ತರಾಧಿಕಾರವನ್ನು ಬೆಳೆಸುವ ವಿದ್ಯೆಯನ್ನು ನಾವು ಪರದೇಶದಿಂದಲೇ ತರಬೇಕಾಗಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ವಾಚಕರಲ್ಲಿ ಯಕ್ಷಗಾನದ ಮೇಳವನ್ನು ಕಾಣದವರು ವಿರಳ. ಅಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಮೊದಲನೆಯ ದಿನವೇ ಕರ್ಣನ ವೇಷವನ್ನು ಯಾರೂ ಕಟ್ಟುತ್ತಿರಲಿಲ್ಲ. ಪೂರ್ವರಂಗದಲ್ಲಿ ಅವನು ಕೋಡಂಗಿಯಾಗಿ ಕುಣಿಯಬೇಕು, ಅನಂತರ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಪುಂಡುವೇಷ, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿ ಎದುರುವೇಷಕ್ಕೆ ಬರುವ ಹೊತ್ತಿಗೆ ಮೇಳದ ಎಲ್ಲ ಕೆಲಸವೂ ಅವನ ಮೈಗೂಡಿರುತ್ತಿತ್ತು. ಎರಡು ಸಂಗತಿಗಳನ್ನು ಗಮನಿಸಬೇಕು. ಕೋಡಂಗಿಯ ಕುಣಿತವು ಚಿಕ್ಕದಾದರೂ ಅದು ನಿಜವಾದ ರಂಗದಲ್ಲಿ, ನಿಜವಾದ ಪ್ರೇಕ್ಷಕರೆದುರು ನಡೆಯುವ ಕುಣಿತ. ಮತ್ತು ಅವನು ಕುಣಿದು ಮುಗಿಸಿದ ಮೇಲೆ ಚೌಕಿಯಲ್ಲಿ ಕುಳಿತು ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಿದ್ದನು.

ಇದೇ ಕ್ರಮವನ್ನು ಪ್ರಯೋಗಶಾಲೆಗೆ ಅಳವಡಿಸಿಕೊಳ್ಳಬಹುದು. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯೇ ಗಡಿಯಾಗಿರುವುದರಿಂದ, ನಾಯಕತ್ವವು ಒಂಬತ್ತನೆಯ ತರಗತಿಯಲ್ಲಿಯೇ ಪಕ್ವವಾಗಬೇಕು. ಆರನೆಯ ತರಗತಿಯವರು ಉಪಕರಣಗಳ ಹೆಸರನ್ನು ಕಲಿತು ಅವುಗಳನ್ನು ಎಣಿಸಿ ಇಡಲಿ. ಏಳನೆಯವರು ರೋಬೋಟಿನ ಒಂದು ಚಿಕ್ಕ ಭಾಗವನ್ನು, ಅದು ಒಂದು ಚಕ್ರವೇ ಆಗಲಿ, ತಾವೇ ಕಟ್ಟಲಿ. ಆ ಭಾಗವು ನಿಜವಾದ ಸ್ಪರ್ಧೆಗೆ ಹೋಗಲಿ. ಎಂಟನೆಯವರು ಒಂದೊಂದು ಶಾಖೆಗೆ ಒಬ್ಬರಂತೆ ಸಹಾಯಕರಾಗಲಿ. ಒಂಬತ್ತನೆಯವರು ತಂಡವನ್ನು ನಡೆಸಲಿ. ಹತ್ತನೆಯವರು ವಾರಕ್ಕೊಂದು ಗಂಟೆ ಮಾತ್ರ ಬಂದು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೇಳಿದ ಪ್ರಶ್ನೆಗೆ ಉತ್ತರವನ್ನು ಹೇಳಿ ಹೋಗಲಿ. ಹನ್ನೆರಡನೆಯ ತರಗತಿಯವರೆಗೆ ಇರುವ ಶಾಲೆಗಳಲ್ಲಿ ಹನ್ನೊಂದನೆಯವರು ಹಿರಿಯಣ್ಣಂದಿರೂ ಹಿರಿಯಕ್ಕಂದಿರೂ ಆಗಬಹುದು.

ಇದರೊಡನೆ ಮೂರು ಕಟ್ಟಳೆಗಳು ಅವಶ್ಯ. ಒಂದು, ಯಾವ ಕೆಲಸವನ್ನೂ ಒಬ್ಬರೇ ಬಲ್ಲವರಾಗಿರಕೂಡದು. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ತರಗತಿಗಳ ಇಬ್ಬರಿರಬೇಕು. ಎರಡು, ಮುಂದಿನ ವರ್ಷದ ನಾಯಕರನ್ನು ಜೂನ್ ತಿಂಗಳಲ್ಲಿ ಅಲ್ಲ, ಹಿಂದಿನ ದೀಪಾವಳಿಯ ರಜೆ ಮುಗಿದೊಡನೆಯೇ ಆರಿಸಬೇಕು. ಆಗ ಹಳಬರೂ ಹೊಸಬರೂ ಮೂರು ನಾಲ್ಕು ತಿಂಗಳ ಕಾಲ ಒಟ್ಟಿಗೆ ದುಡಿಯುತ್ತಾರೆ. ಹೊಸಬರ ಮೊದಲ ತಪ್ಪುಗಳು ಹಳಬರ ಕಣ್ಣೆದುರಿನಲ್ಲಿಯೇ ಆಗುತ್ತವೆ. ಆರಿಸುವಾಗ ಎಲ್ಲರಿಗಿಂತ ಜಾಣರು ಯಾರೆಂದು ಕೇಳುವುದಕ್ಕಿಂತ, ಈ ವರ್ಷ ಇನ್ನೊಬ್ಬರಿಗೆ ಕಲಿಸಿದವರು ಯಾರೆಂದು ಕೇಳುವುದು ಮೇಲು. ಮೂರು, ತಂಡಕ್ಕೊಂದು ದಿನಚರಿ ಪುಸ್ತಕವಿರಬೇಕು. ಅದರಲ್ಲಿ ಗೆಲುವಿನ ವರ್ಣನೆಗಿಂತ ಸೋಲಿನ ಕಾರಣವೇ ಮುಖ್ಯವಾಗಿರಬೇಕು. ಏನು ಮುರಿಯಿತು, ಏಕೆ ಮುರಿಯಿತು, ಹೇಗೆ ಸರಿಯಾಯಿತು, ಎಷ್ಟು ಖರ್ಚಾಯಿತು ಎಂಬ ನಾಲ್ಕು ಸಾಲುಗಳು ಸಾಕು. ಅದನ್ನು ಮಗುವು ತನಗೆ ಸರಾಗವಾದ ಭಾಷೆಯಲ್ಲಿ ಬರೆಯಲಿ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡದಲ್ಲಿಯೇ ಬರೆಯಲಿ. ಮೋಟಾರು, ಬ್ಯಾಟರಿ, ಸರ್ಕಿಟ್ ಎಂಬ ಶಬ್ದಗಳು ಕನ್ನಡ ಲಿಪಿಯಲ್ಲಿ ಬಂದರೆ ಭಾಷೆಗೆ ಕುಂದಿಲ್ಲ, ವಿಜ್ಞಾನಕ್ಕೂ ಕುಂದಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಪರೀಕ್ಷೆಯ ಅಂಕಗಳೇ ಜೀವನವನ್ನು ನಿರ್ಣಯಿಸುವ ದೇಶದಲ್ಲಿ ಮಕ್ಕಳ ಹೊತ್ತನ್ನು ಹೀಗೆ ಕಳೆಯಬಹುದೇ ಎಂದು ತಂದೆತಾಯಂದಿರು ಕೇಳುತ್ತಾರೆ. ಆತಂಕವು ನಿಜವಾದುದು, ಅದನ್ನು ಹಗುರಾಗಿ ಕಾಣಬಾರದು. ಕೆಲಸವನ್ನು ಹಂಚಿಕೊಂಡ ತಂಡದಲ್ಲಿ ಯಾವ ಮಗುವಿನ ಮೇಲೂ ಅತಿಭಾರ ಬೀಳುವುದಿಲ್ಲವೆಂಬುದೇ ಅದಕ್ಕೆ ನಮ್ಮ ಉತ್ತರ. ಅತಿಭಾರವು ಬೀಳುವುದು ವೀರಪೂಜೆಯ ತಂಡದಲ್ಲಿ. ಮಕ್ಕಳ ಕೈಗೆ ಅಧಿಕಾರವನ್ನು ಕೊಟ್ಟರೆ ಶಾಲೆಯ ಹೆಸರಿಗೆ ಸೋಲು ಬರಬಹುದೆಂಬ ಆಕ್ಷೇಪವೂ ಉಂಟು. ಬರಬಹುದು. ಒಂದೆರಡು ವರ್ಷಗಳ ಸೋಲನ್ನು ಸಹಿಸಲಾರದ ಶಾಲೆಯು ಹತ್ತು ವರ್ಷಗಳ ತಂಡವನ್ನು ಕಟ್ಟಲಾರದು.

ನಮ್ಮ ಪಾಲಿನ ಕೆಲಸ

ಹೊರನಾಡ ಕನ್ನಡಿಗರಾದ ನಮಗೂ ಈ ವಿಷಯದಲ್ಲಿ ಪಾಲುಂಟು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಮುಂತಾದ ನಗರಗಳಲ್ಲಿ ನಮ್ಮವರು ಸಂಘಗಳನ್ನು ಕಟ್ಟಿದ್ದಾರೆ. ಕೆಲವೆಡೆ ಶಾಲೆಗಳನ್ನೂ ಕಟ್ಟಿ ನಡೆಸುತ್ತಿದ್ದಾರೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇರುಳಿನಲ್ಲಿ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರ ಸಮಾಜ ನಮ್ಮದು. ಆ ಸಮಾಜದಲ್ಲಿ ಇಂದು ಯಂತ್ರಶಾಸ್ತ್ರಜ್ಞರಿಗೂ ಗಣಕಶಾಸ್ತ್ರಜ್ಞರಿಗೂ ಬರಗಾಲವಿಲ್ಲ. ಅವರಲ್ಲಿ ಒಬ್ಬೊಬ್ಬರು ತಿಂಗಳಿಗೆ ಎರಡು ಶನಿವಾರಗಳನ್ನು ಹತ್ತಿರದ ಶಾಲೆಗೆ, ಅದು ಕನ್ನಡ ಶಾಲೆಯಾಗಲಿ, ಪುರಸಭೆಯ ಮರಾಠಿ ಅಥವಾ ತಮಿಳು ಶಾಲೆಯಾಗಲಿ, ಮೀಸಲಿಟ್ಟರೆ ಸಾಕು. ಆದರೆ ಅವರು ರೋಬೋಟನ್ನು ತಾವೇ ಕಟ್ಟಿಕೊಡಕೂಡದು. ಮಗುವು ತಪ್ಪು ತಿರುಪನ್ನು ತಿರುಗಿಸುತ್ತಿರುವಾಗ ಸುಮ್ಮನೆ ಕುಳಿತಿರುವುದು ಮಾರ್ಗದರ್ಶಕನ ಕೆಲಸಗಳಲ್ಲೆಲ್ಲ ಕಠಿನವಾದುದು.

ನಮ್ಮ ಸಂಘಗಳು ಪ್ರತಿ ವರ್ಷವೂ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತವೆ. ಅದು ನಡೆಯಲಿ. ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಹುಮಾನವೂ ಇರಲಿ. ತನಗೆ ತಿಳಿದುದನ್ನು ತನಗಿಂತ ಕಿರಿಯರಿಗೆ ಕಲಿಸಿ, ತನ್ನ ಸ್ಥಾನವನ್ನು ತುಂಬಬಲ್ಲ ಒಬ್ಬರನ್ನು ಸಿದ್ಧಪಡಿಸಿದ ಎಂಟು ಒಂಬತ್ತನೆಯ ತರಗತಿಯ ಮಗುವಿಗೆ ಅದು ಸಲ್ಲಲಿ. ಇದನ್ನು ಬರೆಯುವಾಗ ನಮ್ಮ ಸಂಘಗಳ ಸ್ಥಿತಿಯೂ ನಮ್ಮ ಕಣ್ಣ ಮುಂದೆ ಬಾರದಿರದು. ಒಬ್ಬರೇ ಅಧ್ಯಕ್ಷರು ದಶಕಗಳ ಕಾಲ ನಿಷ್ಠೆಯಿಂದ ದುಡಿದು, ಅವರ ಕಾಲಾನಂತರ ಸಭಾಭವನದಲ್ಲಿ ಅವರ ಭಾವಚಿತ್ರವೊಂದೇ ಉಳಿದ ಸಂಸ್ಥೆಗಳನ್ನು ನಾವೆಲ್ಲ ಬಲ್ಲೆವು. ಅವರಲ್ಲಿ ತ್ಯಾಗಕ್ಕೆ ಕೊರತೆಯಿರಲಿಲ್ಲ. ಬೀಗದ ಕೈಯನ್ನು ಕಾಲಕ್ಕೆ ಸರಿಯಾಗಿ ಕೈ ಬದಲಾಯಿಸುವ ರೂಢಿಯ ಕೊರತೆಯಿತ್ತು. ಹಿರಿಯರಾದ ನಾವು ಕಲಿಯದೆ ಬಿಟ್ಟುದನ್ನು ಮಕ್ಕಳು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತರೆ ಲಾಭವು ವಿಜ್ಞಾನಕ್ಕೆ ಮಾತ್ರವಲ್ಲ, ಸಮಾಜಕ್ಕೂ ಉಂಟು.

೨೦೨೪ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಈ ಮಿಷನ್ನನ್ನು ೨೦೨೮ರ ಮಾರ್ಚ್ ೩೧ರವರೆಗೆ ಮುಂದುವರಿಸಲು ೨,೭೫೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಹಣವು ಬಂದೀತು, ಯಂತ್ರಗಳು ಬಂದಾವು, ಉದ್ಘಾಟನೆಯ ನಾಡಪಟ್ಟಿಯನ್ನೂ ಕತ್ತರಿಸಿಯಾರು. ಆ ದಿನ ಸಭಿಕರು ಯಾವ ರೋಬೋಟು ಎಷ್ಟು ವೇಗವಾಗಿ ಓಡಿತೆಂಬುದನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ನಾವಾದರೋ ಐದು ವರ್ಷಗಳ ಅನಂತರದ ಒಂದು ಸಾಧಾರಣ ಸಂಜೆ ಅದೇ ಶಾಲೆಗೆ ಹೋಗಿ ನೋಡಬೇಕೆನ್ನುತ್ತೇವೆ. ಉದ್ಘಾಟನೆಯ ದಿನ ಶಾಲೆಗೇ ಸೇರಿರದ ಒಂದು ಮಗುವು ಆ ಸಂಜೆ ಬಾಗಿಲನ್ನು ತೆರೆದು, ದೀಪವನ್ನು ಹಾಕಿ, ತನಗಿಂತ ಚಿಕ್ಕದೊಂದು ಮಗುವಿನ ಕೈಗೆ ತಿರುಪುಳಿಯನ್ನು ಕೊಡುತ್ತಿದ್ದರೆ, ರಾಷ್ಟ್ರದ ಹಣವು ಸಾರ್ಥಕವಾಯಿತೆಂದು ತಿಳಿಯಬಹುದು.